ಮಹಿಕೋ ಕಟ್ಟಿದ ಬದ್ರಿನಾರಾಯಣ ಬಾರವಾಲೆ ಬೀಜದ ವ್ಯಾಪಾರದಲ್ಲಿ ಗೆದ್ದಿದ್ದು ಹೇಗೆ?

ಪುಣೆಯಲ್ಲಿರುವ ನಮ್ಮ ಕನ್ನಡಿಗರಿಗೆ ಮಹಿಕೋ ಅನ್ನುವ ಬೀಜದ ಕಂಪನಿ ಅಂದರೆ 2002ರ ಬಿಟಿ ಹತ್ತಿಯ (ಕಾಯಿಕೊರಕ ಹುಳ ತಡೆಯುವ ಕುಲಾಂತರಿ ಹತ್ತಿ) ಗಲಾಟೆಯೇ ನೆನಪಾಗುತ್ತದೆ. ಆದರೆ ಶುರುವಾಗಿದ್ದು ಬೆಂಡೆಕಾಯಿಯಿಂದ. ಮಹಾರಾಷ್ಟ್ರದ ಜಾಲ್ನಾದ ಬಾರವಾಲೆ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಿಂದ ಪೂಸಾ ಸಾವನಿ ಅನ್ನುವ ಬೆಂಡೆ ತಳಿಯ ಬೀಜ ತಂದು ಬೆಳೆದರು. ಎಲೆ ಹಳದಿಯಾಗುವ ನಂಜು ರೋಗವನ್ನು ಆ ತಳಿ ಆಗ ಚೆನ್ನಾಗಿ ತಡೆದುಕೊಳ್ಳುತ್ತಿತ್ತು, ಹಾಗಾಗಿ ರೈತರು ಬೇಕು ಬೇಕು ಅಂತ ಕೇಳಿದರು. 1964ರಲ್ಲಿ ಕಂಪನಿ ಕಟ್ಟಿದರು.

ನನ್ನ ಪ್ರಕಾರ ಅವರ ದೊಡ್ಡ ಜಾಣತನ ಅಂದರೆ ಬೀಜವನ್ನು ರೈತರ ಹೊಲದಲ್ಲೇ ಬೆಳೆಸಿ ಕೊಂಡುಕೊಂಡಿದ್ದು. ಹೈಬ್ರಿಡ್ ಬೀಜ, ಅಂದರೆ ಎರಡು ತಳಿ ಕೂಡಿಸಿ ಮಾಡಿದ ಬೀಜ, ಸುಮ್ನೆ ಆಗುವುದಿಲ್ಲ. ನಮ್ಮ ರಾಣೆಬೆನ್ನೂರು ಕಡೆ ನೋಡಿದವರಿಗೆ ಗೊತ್ತು, ಹತ್ತಿಯಲ್ಲಿ ಸಂಜೆ ಒಂದೊಂದೇ ಮೊಗ್ಗು ಬಿಡಿಸಿ ಗಂಡು ಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ಅದಕ್ಕೆ ಸವರಬೇಕು. ಜಾಸ್ತಿ ಹೆಂಗಸರೇ ಮಾಡುವ ಕೆಲಸ ಇದು, ಕೈ ಸೂಕ್ಷ್ಮ ಇರಬೇಕು. ಅದರಿಂದ ಬಂದ ಬೆಳೆಯ ಬೀಜ ಎತ್ತಿಟ್ಟು ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ, ಪ್ರತಿ ವರ್ಷ ಹೊಸದು ಕೊಳ್ಳಲೇಬೇಕು. ವ್ಯಾಪಾರ ನಿಂತಿರುವುದೂ ಅಲ್ಲೇ, ರೈತರ ತಕರಾರು ಇರುವುದೂ ಅಲ್ಲೇ, ಅಲ್ವಾ?

ಮಕ್ಕಳೂ ಇದೇ ಕೆಲಸಕ್ಕೆ ಇಳಿದರು. ಮಗಳು ಉಷಾ ವಿಜ್ಞಾನಿಯಾಗಿ ಕಂಪನಿಯ ಸಂಶೋಧನೆ ನೋಡಿಕೊಂಡರು. 1998ರಲ್ಲಿ ಬಾರವಾಲೆ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಜಾಲ್ನಾದಲ್ಲಿ ಕಣ್ಣಿನ ಆಸ್ಪತ್ರೆಯನ್ನೂ ಕಟ್ಟಿಸಿದರು.