ಜಪಾನಿನ ಭಯಾನಕ ಕಥೆಗಳ ಚಿತ್ರಕಾರ ಜುಂಜಿ ಇಟೋ ಅವರ ಮಂಗಾ (ಜಪಾನಿ ಕಾಮಿಕ್ಸ್) ಓದಿದರೆ ಯಾಕೆ ಅಷ್ಟು ಭಯವಾಗುತ್ತದೆ?

ಅವರ ಕಥೆಗಳಲ್ಲಿ ಕೆಡುವುದು ನಮ್ಮದೇ ಮೈ, ನಮ್ಮದೇ ಮನಸ್ಸು. ಬಾಗಿಲು ಹಾಕಿಕೊಂಡರೆ ತಪ್ಪಿಸಿಕೊಳ್ಳಬಹುದಾದ ದೆವ್ವವಲ್ಲ ಅದು.

'ಉಝುಮಾಕಿ'ಯನ್ನೇ ನೋಡಿ. 1998-99ರಲ್ಲಿ ಧಾರಾವಾಹಿಯಾಗಿ ಬಂದ ಕಥೆ. ಒಂದು ಸಣ್ಣ ಊರಿಗೆ ಸುರುಳಿ ಆಕಾರದ ಶಾಪ ತಟ್ಟುತ್ತದೆ. ಸುರುಳಿಯಲ್ಲಿ ಹೆದರುವುದಕ್ಕೆ ಏನಿದೆ, ಬರೀ ಒಂದು ಗೆರೆ ಅಲ್ವಾ? ಆದರೆ ಶುಇಚಿ ಎಂಬ ಹುಡುಗನ ಅಪ್ಪ ಗೋಡೆ ಮೇಲಿನ ಬಸವನಹುಳುವನ್ನು ಮೈಮರೆತು ನೋಡುತ್ತಾ ಕೂರುತ್ತಾನೆ. ಆಮೇಲೆ ಸುರುಳಿ ಇರುವ ವಸ್ತುಗಳನ್ನೆಲ್ಲ ಮನೆಯಲ್ಲಿ ತುಂಬಿಕೊಳ್ಳುತ್ತಾನೆ. ಕೊನೆಗೆ ಮರದ ತೊಟ್ಟಿಯೊಳಗೆ ತನ್ನ ಮೈಯನ್ನೇ ಸುರುಳಿ ಸುತ್ತಿಕೊಂಡು ಸಾಯುತ್ತಾನೆ. ಅಮ್ಮನ ಪಾಡು ನನ್ನ ಪ್ರಕಾರ ಇನ್ನೂ ಘೋರ. ಸುರುಳಿ ಕಂಡರೆ ನಡುಗುವ ಆಕೆ, ಬೆರಳಿನ ಗೆರೆಗಳಲ್ಲೂ ಅದೇ ಇದೆ ಎಂದು ಬೆರಳ ತುದಿಗಳನ್ನೇ ಕತ್ತರಿಸಿಕೊಳ್ಳುತ್ತಾಳೆ. ಆದರೆ ಕಿವಿಯ ಒಳಗೂ ಒಂದು ಸುರುಳಿ ಇದೆ. ನಿಮ್ಮ ಕಿವಿಯಲ್ಲೂ ಇದೆ! ಹುಚ್ಚು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಸ್ವಲ್ಪವೇ ಮುಂದೆ, ಹಾಗಾಗಿ ನಾವೂ ನಂಬಿಬಿಡುತ್ತೇವೆ.

ಚಿತ್ರಗಳ ಪಾಲೂ ದೊಡ್ಡದು. ಇಟೋ ಮೊದಲು ಕೃತಕ ಹಲ್ಲು ತಯಾರಿಸುವ ತಂತ್ರಜ್ಞರಾಗಿದ್ದವರು. ಮನೆ, ಬೀದಿ, ಮುಖ ಎಲ್ಲವನ್ನೂ ಸಣ್ಣ ಗೆರೆಗಳಲ್ಲಿ ತಾಳ್ಮೆಯಿಂದ ನಿಜದಂತೆಯೇ ಬಿಡಿಸುತ್ತಾರೆ. ಅಂಥ ಮಾಮೂಲಿ ಜಗತ್ತಿನಲ್ಲಿ ಪುಟ ತಿರುಗಿಸಿದ ಕೂಡಲೇ ವಿಕಾರವಾದ ದೇಹ ಪುಟದ ತುಂಬ ಎದುರಾಗುತ್ತದೆ. ಸಿನಿಮಾದಲ್ಲಾದರೆ ದೃಶ್ಯ ತಾನಾಗಿಯೇ ಬರುತ್ತದೆ. ಇಲ್ಲಿ ಪುಟ ತಿರುಗಿಸುವುದು ನಮ್ಮದೇ ಕೈ.

ಹೊಸಬರಾದರೆ 'ಉಝುಮಾಕಿ'ಯಿಂದಲೇ ಶುರು ಮಾಡಿ. ಬಿಡಿ ಬಿಡಿ ಅಧ್ಯಾಯಗಳಿರುವುದರಿಂದ ನಿಧಾನವಾಗಿ ಓದಬಹುದು.