ಮೊದಲು ಅಮ್ಮನ ಸೀರೆ ಆರಿಸಿ, ಉಳಿದವರ ಬಣ್ಣ ಆಮೇಲೆ

ಅಪ್ಪ-ಅಮ್ಮನ ಮದುವೆಯಾಗಿ 40 ವರ್ಷ ತುಂಬುತ್ತಿದೆ, ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಪಾರ್ಕಿನಲ್ಲಿ ಮನೆಯ 11 ಜನ ಸೇರಿ ಫೋಟೋ ತೆಗೆಸಿಕೊಳ್ಳುತ್ತೇವೆ, ಎಲ್ಲರೂ ಒಂದೇ ಬಣ್ಣ ಹಾಕಬೇಕಾ, ಹೊಸ ಬಟ್ಟೆ ತರಬೇಕಾ ಎಂದು ಕೇಳಿದ್ದೀರಿ. ಒಂದೇ ಬಣ್ಣ ಬೇಡ. ಹೊಸದು ಕೂಡ ಬಹುಶಃ ಬೇಕಾಗುವುದಿಲ್ಲ. ನಮ್ಮ ಮನೆಯಲ್ಲಿ ಎರಡೂ ರೀತಿ ಮಾಡಿ ನೋಡಿದ್ದೇವೆ, ಅದಕ್ಕೇ ಹೇಳುತ್ತಿದ್ದೇನೆ.

ಮೊದಲ ಸಲ ತಮ್ಮನ ಮನೆ ಗೃಹಪ್ರವೇಶಕ್ಕೆ. ಹೆಂಗಸರೆಲ್ಲ ಹಳದಿ ಸೀರೆ, ಗಂಡಸರೆಲ್ಲ ಬಿಳಿ ಶರ್ಟು, ಎಲ್ಲವೂ ಒಂದೇ ಅಂಗಡಿಯದು. ಅವತ್ತು ಕಣ್ಣಿಗೆ ಚೆನ್ನಾಗಿಯೇ ಇತ್ತು. ಫೋಟೋದಲ್ಲಿ ಮಾತ್ರ ಮೊದಲು ಕಾಣುವುದು ಹಳದಿ, ಮುಖಗಳು ಆಮೇಲೆ. ಅಕ್ಕನ ಭುಜ ಎಲ್ಲಿ ಮುಗಿಯಿತು, ಅವ್ವನ ಭುಜ ಎಲ್ಲಿ ಶುರುವಾಯಿತು ಎಂದೇ ಗೊತ್ತಾಗುವುದಿಲ್ಲ. ಇನ್ನೊಂದು ಸಂಗತಿ ನನಗೆ ಜಾಸ್ತಿ ನೋವು ಕೊಟ್ಟಿತು. ಹೊಸ ಸೀರೆ ಗಡುಸಾಗಿತ್ತು, ನಿರಿಗೆ ನಿಲ್ಲುತ್ತಿರಲಿಲ್ಲ. ಹಾಗಾಗಿ ಹೆಚ್ಚಿನ ಫೋಟೋಗಳಲ್ಲಿ ಅವ್ವನ ಒಂದು ಕೈ ನಿರಿಗೆಯ ಮೇಲೇ ಇದೆ. ಅವ್ವ ನಕ್ಕಿದ್ದಾಳೆ, ಆದರೆ ಗಮನವೆಲ್ಲ ಸೀರೆಯ ಕಡೆಗೇ.

ಎರಡನೇ ಸಲ ಧಾರವಾಡದ ಮನೆಯ ಹಿತ್ತಿಲಲ್ಲಿ. ಈ ಸಲ ಏನು ಉಡುತ್ತೀಯ ಎಂದು ಅವ್ವನನ್ನೇ ಮೊದಲು ಕೇಳಿದೆವು. "ನನಗ ಹೊಸಾದು ಬ್ಯಾಡ, ನನ್ನ ಇಳಕಲ್ ಸೀರಿ ಐತಲ್ಲ" ಅಂದಳು. ಕಡುನೀಲಿ ಮೈ, ಕೆಂಪು ಸೆರಗು, ಸೆರಗಿನಲ್ಲಿ ತೋಪತೆನಿ ಅನ್ನುವ ಬಿಳಿ ವಿನ್ಯಾಸ. ಇಳಕಲ್‌ನಲ್ಲಿ ಮೈಯ ಹಾಸನ್ನೂ (ಉದ್ದಕ್ಕೆ ಓಡುವ ನೂಲು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ಸೆರಗು ಹಾಗೆ ಬೇರೆ ಬಣ್ಣದಲ್ಲಿ ಎದ್ದು ನಿಲ್ಲುತ್ತದೆ. ನಾವು ಆ ಸೀರೆಯನ್ನು ಮಂಚದ ಮೇಲೆ ಹರಡಿದೆವು. ಅದರ ಬಣ್ಣಗಳಿಗೆ ಹೊಂದುವ ಬಟ್ಟೆಗಳನ್ನೇ ಉಳಿದವರಿಗೆಲ್ಲ ಆರಿಸಿದೆವು. ಅಪ್ಪನಿಗೆ ಕೆನೆ ಬಣ್ಣದ ಜುಬ್ಬಾ. ತಮ್ಮನಿಗೆ ತಿಳಿನೀಲಿ ಶರ್ಟು. ನನಗೆ ಬೂದು ಬಣ್ಣದ ಹತ್ತಿ ಸೀರೆ, ಅದಕ್ಕೆ ಗುಳೇದಗುಡ್ಡದ ಕೆಂಪು ಖಣದ ಕುಪ್ಪಸ. ತಂಗಿಯ ಮಗಳಿಗೆ ಹಳೆಯ ಖಣದಲ್ಲಿ ಹೊಲಿಸಿದ ಲಂಗ. ಕೆಂಪು ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಮಾತ್ರ ಇತ್ತು. ಇಡೀ ಕೆಂಪು ಸೆರಗು ಅವ್ವನೊಬ್ಬಳದೇ. ಆ ಫೋಟೋ ನೋಡಿದವರ ಕಣ್ಣು ಮೊದಲು ಅವಳ ಮೇಲೆ ಹೋಗುತ್ತದೆ, ಆಮೇಲೆ ಒಬ್ಬೊಬ್ಬರ ಮೇಲೆ. ನನಗೆ ಬೇಕಿದ್ದುದು ಅದೇ.

ನೀವೂ ಹಾಗೇ ಮಾಡಿ. ನಲವತ್ತು ವರ್ಷ ಅವರಿಬ್ಬರದು ಅಲ್ವಾ, ಅವರ ಬಟ್ಟೆಯಿಂದಲೇ ಶುರುವಾಗಲಿ. ಅಮ್ಮ ಎಷ್ಟೋ ಸಲ ಉಟ್ಟು ಮೈಗೆ ಒಗ್ಗಿಸಿಕೊಂಡ ಸೀರೆ ಯಾವುದು ಎಂದು ಕೇಳಿ. ಮೈಸೂರು ಸಿಲ್ಕ್ ಇದ್ದರೆ ಇನ್ನೂ ಸುಲಭ. ಮೈಯೆಲ್ಲ ಒಂದೇ ಬಣ್ಣ, ಜರಿ ಅಂಚಿಗೆ ಮತ್ತು ಸೆರಗಿಗೆ. ಕ್ರೇಪ್ ಆದ್ದರಿಂದ ಮೆತ್ತಗೆ ಇಳಿಯುತ್ತದೆ, ಕೂತಾಗ ಉಬ್ಬುವುದಿಲ್ಲ. ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಹಾಗಾಗಿ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಅಜ್ಜಿ ಕಾಲದ ಸೀರೆ ಇನ್ನೂ ಇರುತ್ತದೆ. ಅಂಥದ್ದನ್ನು ಆರಿಸಿದರೆ ಒಂದು ವಾರ ಮೊದಲೇ ಬಿಡಿಸಿ ನೋಡಿ. ಹಳೆಯ ರೇಷ್ಮೆ ಮಡಿಕೆ ಬಿದ್ದ ಜಾಗದಲ್ಲೇ ಸೀಳುತ್ತದೆ. ಕುಪ್ಪಸ ಈಗಲೂ ಹಿಡಿಸುತ್ತದೆಯೇ ಎಂದು ಆಗಲೇ ಹಾಕಿ ನೋಡಲಿ, ಟೈಲರ್‌ಗೆ ಸಮಯ ಸಿಗುತ್ತದೆ.

ಸೀರೆ ಗೊತ್ತಾದ ಮೇಲೆ 11 ಜನರ ಬಟ್ಟೆಯನ್ನೂ ಒಂದೇ ಕಡೆ ಹರಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಅದನ್ನು ಚಿಕ್ಕದಾಗಿಸಿ ನೋಡಿ. ಯಾವುದೋ ಒಂದು ಬಟ್ಟೆ ಥಟ್ಟನೆ ಕಣ್ಣಿಗೆ ಹೊಡೆದರೆ, ಅದು ಅಮ್ಮನ ಸೀರೆ ಅಲ್ಲದಿದ್ದರೆ, ಅದನ್ನು ಬದಲಿಸಿ. ಬೇರೆ ಊರಿನವರು ಅವರವರ ಬಟ್ಟೆಯ ಫೋಟೋ ಕಳಿಸಿದರೂ ಸಾಕು, ಆದರೆ ಹಗಲು ಬೆಳಕಿನಲ್ಲಿ ತೆಗೆದಿರಲಿ. ಟ್ಯೂಬ್‌ಲೈಟ್ ಕೆಳಗೆ ಬಣ್ಣ ಬೇರೆಯೇ ಕಾಣುತ್ತದೆ.

ಪಾರ್ಕ್ ಅಂದಿರಲ್ಲ, ಅದಕ್ಕೆ ಕೆಲವು ಮಾತು. ಹಿಂದೆ ಗಿಡ-ಮರ ಇದ್ದರೆ ಎಲೆಹಸಿರು ಬಟ್ಟೆ ಅದರೊಳಗೇ ಕರಗಿಹೋಗುತ್ತದೆ. ಅಚ್ಚ ಬಿಳಿಗೆ ಬಿಸಿಲು ಬಿದ್ದರೆ ಬಟ್ಟೆಯ ಮಡಿಕೆ, ಕಸೂತಿ ಏನೂ ಕಾಣದೆ ಬರೀ ಬೆಳಕಾಗುತ್ತದೆ. ಕೆನೆ ಬಣ್ಣ ಇಂಥ ತೊಂದರೆ ಕೊಡುವುದು ಕಡಿಮೆ. ತೀರಾ ಸಣ್ಣ ಚೌಕುಳಿ, ಸಣ್ಣ ಗೆರೆಯ ಶರ್ಟುಗಳು ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಬರುತ್ತವೆ. ಅಂಥದ್ದು ಬೇಡವೇ ಬೇಡ. ಕಣ್ಣು ಕುಕ್ಕುವ ಗುಲಾಬಿ, ಕಿತ್ತಳೆ ಹಾಕಿಕೊಂಡು ಮಗುವನ್ನು ಎತ್ತಿಕೊಂಡರೆ ಆ ಬಣ್ಣ ಮಗುವಿನ ಕೆನ್ನೆಗೆ ಬಡಿಯುತ್ತದೆ.

ಪೇಸ್ಟಲ್, ಅಂದರೆ ತೀರಾ ತಿಳಿಯಾದ ಬಣ್ಣ ಹಾಕಿ ಎಂದು ಫೋಟೋಗ್ರಾಫರ್ ಹೇಳಬಹುದು, ಈಗ ಎಲ್ಲ ಕಡೆ ಅದೇ ನಡೆಯುತ್ತಿದೆ. ಇಷ್ಟವಿದ್ದರೆ ಹಾಕಿ. ನನ್ನ ಅಭಿಪ್ರಾಯ ಬೇರೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖಗಳಿಗೆ ಗಾಢ ಬಣ್ಣ ತುಂಬಾ ಒಪ್ಪುತ್ತದೆ. ನವಿಲು ನೀಲಿ, ಅರಿಶಿನ ಹಳದಿ, ಕುಂಕುಮ ಕೆಂಪು, ನೇರಳೆ ಹಣ್ಣಿನ ಬಣ್ಣ. ಅಮ್ಮ ಇಷ್ಟು ವರ್ಷ ಪ್ರೀತಿಯಿಂದ ಉಟ್ಟ ಬಣ್ಣ ಬಿಟ್ಟು ಅವತ್ತೊಂದು ದಿನ ಮಾತ್ರ ಮಾಸಲು ಗುಲಾಬಿ ಉಡಿಸಿದರೆ, ಫೋಟೋದಲ್ಲಿ ಅವರು ಅವರಂತೆ ಕಾಣುವುದಿಲ್ಲ.

ಮಕ್ಕಳಿಗೆ ರೇಷ್ಮೆ ಲಂಗ ಹಾಕುವುದಾದರೆ ಒಳಗೆ ಹತ್ತಿ ಲೈನಿಂಗ್ ಇರಲಿ, ಜರಿ ಚುಚ್ಚುತ್ತದೆ. ಹೊಟ್ಟೆ ತುಂಬಿದ ಮೇಲೆ ಬಟ್ಟೆ ತೊಡಿಸಿ. ಗಂಡಸರ ಜೇಬಿನಿಂದ ಮೊಬೈಲ್, ಪರ್ಸ್, ಬೀಗದ ಕೈ ಎಲ್ಲ ತೆಗೆಸಿ. ಚಪ್ಪಲಿ ಕಡೆಗೂ ಒಮ್ಮೆ ನೋಡಿ, ಕೆಳಗೆ ಕೂತು ತೆಗೆಸುವಾಗ ಅವೇ ಮುಂದೆ ಬರುತ್ತವೆ. ಅಪ್ಪನದು ಬಿಸಿಲಿಗೆ ಕಪ್ಪಾಗುವ ಕನ್ನಡಕವಾದರೆ ಹಳೆಯ ಮಾಮೂಲಿ ಕನ್ನಡಕ ತರಲು ಹೇಳಿ, ಇಲ್ಲದಿದ್ದರೆ ಅವರ ಕಣ್ಣೇ ಕಾಣುವುದಿಲ್ಲ. ನಮ್ಮ ಮೊದಲ ಫೋಟೋಗಳಲ್ಲಿ ಹಾಗೇ ಆಯಿತು.

ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆಗೆ ಎಲ್ಲರೂ ತಯಾರಾಗಿ ಅಲ್ಲಿರಿ. ಮೊದಲ ಫೋಟೋ ಅಪ್ಪ-ಅಮ್ಮ ಇಬ್ಬರದೇ ಆಗಲಿ, ಅವರಿಗೆ ದಣಿವಾಗುವ ಮುಂಚೆ. ಅಮ್ಮ ಯಾವ ಸೀರೆ ಆರಿಸಿದರು, ಅದರ ಅಂಚು-ಸೆರಗು ಯಾವ ಬಣ್ಣ ಎಂದು ಇಲ್ಲೇ ಬರೆಯಿರಿ. ಉಳಿದ ಹತ್ತು ಜನರಿಗೆ ಏನು ಹೊಂದುತ್ತದೆ ಎಂದು ನಾನೂ ಕೂತು ಯೋಚಿಸಿ ಹೇಳುತ್ತೇನೆ.