ಗಟ್ಟಿ ಜಾಗಕ್ಕೆ ಬಡಿದ ಮರದ ಬಾಣವನ್ನು ಮತ್ತೆ ಹೂಡುವ ಮೊದಲು

ಗುರಿಹಲಗೆಯ ಚೌಕಟ್ಟಿಗೆ ಬಡಿದ ಬಾಣವು ನೋಟಕ್ಕೆ ಸರಿಯಾಗಿಯೇ ಇದೆ, ಅದನ್ನು ಮತ್ತೆ ಬಳಸಬಹುದೇ ಎಂದು ಕೇಳಿದ್ದೀರಿ. 45 ಪೌಂಡ್ ಬಿಲ್ಲಿಗೆ, ಅಂದರೆ ಹೆದೆಯನ್ನು ಪೂರ್ತಿ ಎಳೆಯಲು ಅಷ್ಟು ಬಲ ಬೇಕಾಗುವ ಬಿಲ್ಲಿಗೆ, ಹಗುರವಾದ ಬಾಣ ನಡೆಯುತ್ತದೆಯೇ ಎಂದೂ ಕೇಳಿದ್ದೀರಿ. ಮೊದಲನೆಯದಕ್ಕೆ ನನ್ನ ಉತ್ತರ, ಪರೀಕ್ಷಿಸದೆ ಖಂಡಿತ ಹೂಡಬೇಡಿ.

ಹೆದೆಯನ್ನು ಬಿಟ್ಟ ಕ್ಷಣದಲ್ಲಿ ಬಾಣವು ಕಡ್ಡಿಯಂತೆ ನೆಟ್ಟಗೆ ಹೊರಡುವುದಿಲ್ಲ. ಹಿಂದಿನಿಂದ ಬರುವ ಒತ್ತಡಕ್ಕೆ ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಬಾಯ್ತೆರೆಯುವುದು ಆಗಲೇ. ಮುಂದಿನ ತುಂಡು ಎತ್ತಲೋ ಹೋಗುತ್ತದೆ, ಆದರೆ ಹಿಂದಿನ ತುಂಡನ್ನು ಹೆದೆ ಇನ್ನೂ ನೂಕುತ್ತಲೇ ಇರುತ್ತದೆ, ಮತ್ತು ಅದರ ದಾರಿಯಲ್ಲಿರುವುದು ಬಿಲ್ಲು ಹಿಡಿದ ನಿಮ್ಮದೇ ಕೈ.

ಬಾಣವನ್ನು ಒರೆಸಿ, ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಾ ನೋಡಿ. ಮೊನೆಯ ಹಿಂದಿನ ಕೆಲವು ಅಂಗುಲಗಳನ್ನು ಹೆಚ್ಚು ಗಮನಿಸಿ, ಏಕೆಂದರೆ ಬಡಿತದ ಪೆಟ್ಟು ಬಹಳ ಸಲ ಅಲ್ಲಿಯೇ ಉಳಿಯುತ್ತದೆ. ಸ್ವಲ್ಪ ಹತ್ತಿಯನ್ನು ದಂಡದ ಉದ್ದಕ್ಕೂ ಸವರಿದರೆ ಎದ್ದ ಸಿಬಿರಿಗೆ ಅದು ಸಿಕ್ಕಿಕೊಳ್ಳುತ್ತದೆ. ಆಮೇಲೆ ಎರಡೂ ತುದಿಗಳನ್ನು ಹಿಡಿದು, ಮುಖದಿಂದ ದೂರವಿಟ್ಟು, ಮೆಲ್ಲನೆ ಬಗ್ಗಿಸಿ. ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಲ್ಲ ದಿಕ್ಕಿಗೂ ಹೀಗೆ ಮಾಡಿ. ಒಂದೇ ಒಂದು ‘ಚಿಟ್’ ಸದ್ದು ಕೇಳಿದರೂ, ಒಂದು ಕಡೆಗೆ ಮಾತ್ರ ಹೆಚ್ಚು ಬಾಗಿದರೂ ಆ ಬಾಣ ಮುಗಿಯಿತೆಂದೇ ತಿಳಿಯಿರಿ. ಅದನ್ನು ಎರಡು ತುಂಡು ಮಾಡಿಯೇ ಎಸೆಯಿರಿ, ಇಲ್ಲವಾದರೆ ಯಾರಾದರೂ ಒಳ್ಳೆಯದೆಂದು ಎತ್ತಿಕೊಂಡಾರು. ಬಾಣದ ಮೇಲಿನ ಅಕ್ಕರೆ ನನಗೂ ಇದೆ, ಆದರೂ ಅಂಟು ಹಾಕಿ ದಂಡವನ್ನು ಉಳಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ನಾಕ್, ಅಂದರೆ ಹೆದೆ ಕೂರುವ ಸೀಳು, ಇನ್ನೊಂದು ಬಾಣ ತಗುಲಿ ಬಿರಿದಿದ್ದರೆ ಹೆದೆ ಅದರಿಂದ ಜಾರಿ, ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಟ್ಟಂತೆಯೇ ಆಗುತ್ತದೆ. ಮರದಲ್ಲಿಯೇ ಕೊರೆದ ಸೀಳಾದರೆ ಅದು ಬೆಳವಣಿಗೆಯ ಉಂಗುರಗಳ ಗೆರೆಗೆ ಅಡ್ಡವಾಗಿರಬೇಕು. ಗೆರೆಯ ಗುಂಟವೇ ಇದ್ದರೆ ಹೆದೆಯೇ ದಂಡವನ್ನು ಸೀಳುತ್ತದೆ. ದಂಡದ ಮೇಲ್ಮೈಯಲ್ಲಿ ನಾರು ಹೊರಬಿದ್ದು ಮೂಡಿದ ಚೂಪು ಗೆರೆಗಳಿದ್ದರೆ, ಬಾಣವನ್ನು ಹೂಡಿದಾಗ ಮೇಲ್ಭಾಗದ ಗೆರೆಗಳ ಚೂಪು ಗುರಿಯ ಕಡೆಗಿರುವಂತೆ ನಾಕ್ ಕೂರಿಸಿ. ಹಾಗಿದ್ದಾಗ, ಅಕಸ್ಮಾತ್ ಮುರಿದರೂ, ಹಿಂದಿನ ತುಂಡಿನ ಮೊನಚು ಕೈಯ ಮೇಲಿನಿಂದ ದಾಟಿಹೋಗುವ ಸಾಧ್ಯತೆ ಹೆಚ್ಚು.

ಇನ್ನು ತೂಕ. ಬಿಲ್ಲಿನ ಬಲದ ಪ್ರತಿ ಪೌಂಡ್‌ಗೆ ಬಾಣದ ತೂಕ ಕನಿಷ್ಠ 10 ಗ್ರೇನ್ ಎಂಬ ಲೆಕ್ಕವನ್ನು ನಾನು ಬಿಡುವುದಿಲ್ಲ. ನಿಮ್ಮ ಬಿಲ್ಲಿಗೆ ಅದು 450 ಗ್ರೇನ್, ಸುಮಾರು 29 ಗ್ರಾಂ. ಬಾಣ ತೀರ ಹಗುರವಾದಷ್ಟೂ ಶಕ್ತಿಯ ಹೆಚ್ಚು ಪಾಲು ಬಿಲ್ಲಿನಲ್ಲಿಯೇ ಉಳಿದು ಅದನ್ನು ಹಾಳುಮಾಡುತ್ತದೆ. ದಂಡದ ಬಿಗುವನ್ನೂ, ಅಂದರೆ ಸ್ಪೈನ್ ಅನ್ನೂ ಅಳೆಯಿರಿ: 26 ಅಂಗುಲ ಅಂತರದ ಎರಡು ಆಧಾರಗಳ ನಡುವೆ 2 ಪೌಂಡ್ ತೂಗುಹಾಕಿದಾಗ ದಂಡ ಅರ್ಧ ಅಂಗುಲ ಬಾಗಿದರೆ, 26ನ್ನು ಅದರಿಂದ ಭಾಗಿಸಿದಾಗ 52 ಪೌಂಡ್ ಬರುತ್ತದೆ, ಅಂದರೆ ಆ ದಂಡ ಸುಮಾರು ಅಷ್ಟು ಬಲದ ಬಿಲ್ಲಿಗೆ ಹೊಂದುವಂಥದ್ದು. ನೀವು ಎಳೆಯುವ ಅಳತೆಗಿಂತ ಕನಿಷ್ಠ ಒಂದು ಅಂಗುಲವಾದರೂ ಬಾಣ ಉದ್ದವಿರಲಿ. ಕಾಂಪೌಂಡ್ ಬಿಲ್ಲಿನಲ್ಲಿ, ಅಂದರೆ ತುದಿಗಳಲ್ಲಿ ರಾಟೆಗಳಿರುವ ಬಿಲ್ಲಿನಲ್ಲಿ, ಮರದ ಬಾಣವನ್ನು ಎಂದಿಗೂ ಹೂಡಬೇಡಿ.

ಬಾಣವನ್ನು ಗುರಿಯಿಂದ ಕೀಳುವಾಗ ನಿಮ್ಮ ಹಿಂದೆ ಯಾರೂ ನಿಂತಿಲ್ಲವೆಂದು ನೋಡಿಕೊಂಡು, ದಂಡವನ್ನು ಗುರಿಗೆ ಅಂಟಿದಂತೆ ಹಿಡಿದು, ಹೊಕ್ಕ ದಿಕ್ಕಿನಲ್ಲಿಯೇ ನೇರವಾಗಿ ಎಳೆಯಿರಿ. ಹಿಂತುದಿಯನ್ನು ಹಿಡಿದು ಅಲ್ಲಾಡಿಸಿ ಕಿತ್ತರೆ, ನೀವು ಈಗ ಹುಡುಕಬೇಕಾಗಿರುವ ಬಿರುಕು ಅಲ್ಲಿಯೇ ಹುಟ್ಟುತ್ತದೆ.